ಬೇರಿಗೆ ಹೊರಿಸಿದ ಅಪರಾಧ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಮಲ್ಲೇಶ್ವರವಾಗಲಿ ಬಸವನಗುಡಿಯಾಗಲಿ ಜಯನಗರವಾಗಲಿ, ಮುಂಗಾರಿಗೆ ಮೊದಲಿನ ದಿನಗಳಲ್ಲಿ ಪದೇಪದೇ ನಡೆಯುವ ಒಂದು ವಿಚಾರಣೆಯುಂಟು. ಬಚ್ಚಲಿನ ನೀರು ಇಳಿಯದೆ ನಿಲ್ಲುತ್ತದೆ. ಅಂಗಳದ ಚೇಂಬರು ಉಕ್ಕಿ ಹರಿಯುತ್ತದೆ. ಕರೆಸಿದ ಪ್ಲಂಬರು ಬಿದಿರಿನ ದಬ್ಬೆಯನ್ನು ಕೊಳವೆಯೊಳಕ್ಕೆ ನೂಕಿ ನೂಕಿ ಹೊರಕ್ಕೆಳೆದಾಗ ಅದರ ತುದಿಗೆ ಸಿಕ್ಕಿ ಬರುವುದು ಎಳೆಎಳೆಯಾದ, ಕಂದುಬಣ್ಣದ, ಕೊಳಚೆಯಲ್ಲಿ ನೆನೆದ ಬೇರಿನ ಗೊಂಚಲು. ಅದನ್ನು ಕಂಡ ಕೂಡಲೆ ಮನೆಯವರ ದೃಷ್ಟಿ ಕಾಂಪೌಂಡಿನ ಆಚೆಗೆ ಹಾಯುತ್ತದೆ. ಅಲ್ಲಿ ಮೂವತ್ತು ನಲವತ್ತು ವರ್ಷಗಳಿಂದ ನೆರಳು ಕೊಡುತ್ತ ನಿಂತಿರುವ ಹೊಂಗೆಯೋ ಮಳೆಮರವೋ ಗುಲ್‌ಮೊಹರೋ ಆ ಕ್ಷಣದಿಂದ ಅಪರಾಧಿಯಾಗುತ್ತದೆ. ಸಾಕ್ಷ್ಯವು ಕೈಯಲ್ಲಿಯೇ ಇರುವಾಗ ತೀರ್ಪಿಗೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಕೆಲವರು ಮರ ತೆಗೆಸಿಕೊಡಬೇಕೆಂದು ಅರ್ಜಿ ಬರೆಯುತ್ತಾರೆ. ಕೆಲವರು ಅರ್ಜಿಯ ಗೊಡವೆಯೇ ಬೇಡವೆಂದು ರಾತ್ರಿಯ ಹೊತ್ತಿನಲ್ಲಿ ಬುಡದ ತೊಗಟೆಯನ್ನು ಸುತ್ತಲೂ ಸುಲಿಸುತ್ತಾರೆ, ಇಲ್ಲವೆ ಆಸಿಡ್ ಸುರಿಸುತ್ತಾರೆ. ಹೀಗೆ ವರ್ಷಕ್ಕೊಂದು ಮರದಂತೆ ಬೀದಿಯ ಒಂದು ಪಾರ್ಶ್ವವೇ ಬೋಳಾಗಿ ಹೋದ ಉದಾಹರಣೆಗಳನ್ನು ಈ ಊರಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈ ತೀರ್ಪು ಬಹುಮಟ್ಟಿಗೆ ತಪ್ಪಾದದ್ದೆಂದು ನಾನು ದೃಢವಾಗಿ ನಂಬಿದ್ದೇನೆ. ಬೇರು ಕೊಳವೆಯನ್ನು ಒಡೆದುಕೊಂಡು ಒಳಹೊಕ್ಕದ್ದಲ್ಲ. ಮೊದಲೇ ಸೀಳಿದ್ದ, ಮೊದಲೇ ಸೋರುತ್ತಿದ್ದ ಕೊಳವೆಯೊಳಕ್ಕೆ ಅದು ಪ್ರವೇಶಮಾಡಿದ್ದು. ಮರವನ್ನು ಕಡಿದ ಮೇಲೂ ಆ ಸೀಳು ಅಲ್ಲಿಯೇ ಇರುತ್ತದೆ, ಆ ಸೋರಿಕೆ ಅಲ್ಲಿಯೇ ಇರುತ್ತದೆ, ಮನೆಯ ಮಲಿನಜಲವು ಮನೆಯ ಬುನಾದಿಯ ಪಕ್ಕದಲ್ಲಿಯೇ ಮಣ್ಣಿಗೆ ಇಳಿಯುತ್ತಿರುತ್ತದೆ. ನಾಶವಾದದ್ದು, ಆ ಸೋರಿಕೆಯ ಸಂಗತಿಯನ್ನು ನಮಗೆ ತಿಳಿಯಪಡಿಸಿದ ಒಂದು ಜೀವ ಮಾತ್ರ.

ಬೇರಿನ ಸ್ವಭಾವವನ್ನು ಕುರಿತು ನಮ್ಮ ಜನರಲ್ಲಿ ಬೇರೂರಿರುವ ಕಲ್ಪನೆಗಳು ಹಲವು. ಮರವು ಮೇಲೆ ಎಷ್ಟು ಎತ್ತರವೋ ಕೆಳಗೆ ಬೇರೂ ಅಷ್ಟೇ ಆಳವೆಂಬುದು ಅವುಗಳಲ್ಲಿ ಮೊದಲನೆಯದು. ವಾಸ್ತವದಲ್ಲಿ, ಬೇರೂ ನಮ್ಮಂತೆಯೇ ಉಸಿರಾಡತಕ್ಕ ಅಂಗವಾದುದರಿಂದ, ಮಣ್ಣಿನ ಕಣಗಳ ನಡುವೆ ಗಾಳಿ ಸುಳಿದಾಡುವ ಮೇಲ್ಪದರದಲ್ಲಿಯೇ, ಎಂದರೆ ಎರಡು ಮೂರು ಅಡಿಗಳೊಳಗೇ, ಬಹುಪಾಲು ಬೇರುಗಳು ಹರಡಿಕೊಂಡಿರುತ್ತವೆ. ಆದರೆ ಅಡ್ಡಲಾಗಿ ಅವು ಕೊಂಬೆಗಳ ವಿಸ್ತಾರವನ್ನು ಮೀರಿ ಅದರ ಎರಡರಷ್ಟು, ಮೂರರಷ್ಟು ದೂರವೂ ಹೋಗಬಲ್ಲವು. ಮನೆಯ ಒಳಚರಂಡಿಯ ಕೊಳವೆಯನ್ನು ನಾವು ಹೂಳುವುದೂ ಸರಿಯಾಗಿ ಅದೇ ಎರಡು ಮೂರು ಅಡಿಗಳ ಪದರದಲ್ಲಿ ಎಂಬುದನ್ನು ಗಮನಿಸಬೇಕು. ಎರಡೂ ಒಂದೇ ಹಾದಿಯಲ್ಲಿ ಹೊರಟಿರುವಾಗ ಎಲ್ಲಿಯಾದರೂ ಸಂಧಿಸದೆ ಇರುವುದೇ ಆಶ್ಚರ್ಯ.

ಬೇರು ನೀರಿನ ವಾಸನೆಯನ್ನು ಬಹುದೂರದಿಂದಲೇ ಹಿಡಿದು ಬೇಟೆಗೆ ಹೊರಡುತ್ತದೆಂಬುದು ಎರಡನೆಯ ಕಲ್ಪನೆ. ಇದರಲ್ಲಿ ಅರ್ಧ ಸತ್ಯವಿದೆ. ಚಾರ್ಲ್ಸ್ ಡಾರ್ವಿನ್ ಮಹಾಶಯನು ತನ್ನ ಮಗ ಫ್ರಾನ್ಸಿಸನೊಡನೆ ಸಸ್ಯಗಳ ಚಲನಶಕ್ತಿಯನ್ನು ಕುರಿತು 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೊಳಕೆಯ ಎಳೆಬೇರು ತೇವವಿರುವ ಕಡೆಗೆ ಬಾಗುವುದನ್ನೂ, ಅದರ ತುದಿಗೆ ಎಣ್ಣೆ ಕಾಡಿಗೆಗಳ ಲೇಪವನ್ನು ಹಚ್ಚಿದರೆ ಆ ಬಾಗುವಿಕೆ ನಿಂತುಹೋಗುವುದನ್ನೂ ಪ್ರಯೋಗಗಳಿಂದ ತೋರಿಸಿದ್ದಾನೆ. ಬೇರಿನ ತುದಿಗೆ ತೇವದ ಅರಿವುಂಟೆಂಬುದು ನಿಜ. ಆದರೆ ಆ ಅರಿವಿನ ವ್ಯಾಪ್ತಿ ಬಹು ಸಂಕುಚಿತವಾದದ್ದು. ತನ್ನ ಸಮೀಪದ ಮಣ್ಣಿನಲ್ಲಿ ಒಂದು ಪಾರ್ಶ್ವ ಒಣಗಿ ಮತ್ತೊಂದು ಪಾರ್ಶ್ವ ಹಸಿಯಾಗಿದ್ದರೆ ಆ ವ್ಯತ್ಯಾಸವನ್ನು ಅದು ಗುರುತಿಸೀತೇ ಹೊರತು, ಭದ್ರವಾಗಿ ಮುಚ್ಚಿದ ಕೊಳವೆಯೊಳಗೆ ಹರಿಯುವ ನೀರನ್ನು ಹತ್ತು ಗಜದ ದೂರದಿಂದ ತಿಳಿಯಲಾರದು. ಸಂದುಗಳೆಲ್ಲ ಗಟ್ಟಿಯಾಗಿರುವ ಕೊಳವೆಯು ಬೇರಿನ ಪಾಲಿಗೆ ಒಂದು ಉದ್ದನೆಯ ಕಲ್ಲು. ಬೇರು ಅದರ ಮೈಸವರಿಕೊಂಡು ಮುಂದೆ ಸಾಗುತ್ತದೆ. ಸಂದು ಸೋರಿದಲ್ಲಿ ಮಾತ್ರ ಕಥೆ ಬೇರೆಯಾಗುತ್ತದೆ. ಬೇಸಗೆಯಲ್ಲಿ ಸುತ್ತಲ ಮಣ್ಣೆಲ್ಲ ಒಣಗಿ ಬಿರಿದಿರುವಾಗ ಆ ಒಂದೆಡೆಯಲ್ಲಿ ಮಣ್ಣು ಸದಾ ಹಸಿಯಾಗಿರುತ್ತದೆ; ಬರಿಯ ಹಸಿಯಲ್ಲ, ಸಾರಜನಕ ರಂಜಕಗಳಿಂದ ಸಮೃದ್ಧವಾದ ಹಸಿ. ಹಾದುಹೋಗುತ್ತಿದ್ದ ಬೇರು ಅಲ್ಲಿ ಕವಲೊಡೆಯುತ್ತದೆ, ದಾರದಷ್ಟು ಸಣ್ಣದಾದ ಒಂದು ಕವಲು ಬಿರುಕಿನೊಳಗೆ ನುಸುಳುತ್ತದೆ, ಒಳಗೆ ನೀರೂ ಆಹಾರವೂ ಗಾಳಿಯೂ ಏಕತ್ರ ದೊರಕಿದ ಮೇಲೆ ಮಣ್ಣಿನಲ್ಲಿ ಎಂದೂ ಬೆಳೆಯದಷ್ಟು ಭರದಿಂದ ಬೆಳೆಯುತ್ತದೆ. ಅನಂತರ ಆ ಕವಲು ದಪ್ಪನಾಗುತ್ತ ಬಂದು ಸಂದನ್ನು ಇನ್ನಷ್ಟು ಅಗಲಿಸುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಾನಿಯನ್ನು ಹೆಚ್ಚಿಸಿದ್ದು ಬೇರು, ಪ್ರಾರಂಭಿಸಿದ್ದು ಬೇರಲ್ಲ.

ಹಾಗಾದರೆ ಪ್ರಾರಂಭಿಸಿದವರಾರು? ಹಳೆಯ ಮನೆಗಳ ಅಂಗಳವನ್ನು ಅಗೆದು ನೋಡಿದರೆ ಉತ್ತರ ದೊರೆಯುತ್ತದೆ. ಪಿ.ವಿ.ಸಿ. ಕೊಳವೆಗಳು ಮನೆಮನೆಗೆ ಬರುವುದಕ್ಕೆ ಮುಂಚೆ ನಮ್ಮ ಊರುಗಳಲ್ಲಿ ಒಳಚರಂಡಿಗೆ ಹಾಕುತ್ತಿದ್ದುದು ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕಂದುಬಣ್ಣದ ಸ್ಟೋನ್‌ವೇರ್ ಪೈಪುಗಳನ್ನು. ಆ ಪೈಪು ಪದಾರ್ಥವಾಗಿ ಬಹಳ ಒಳ್ಳೆಯದು. ಆಸಿಡ್ಡಿಗೂ ಅಂಜುವುದಿಲ್ಲ, ನೂರು ವರ್ಷವಾದರೂ ಸವೆಯುವುದಿಲ್ಲ. ದೋಷವಿರುವುದು ಅದರ ಉದ್ದದಲ್ಲಿ. ಒಂದೊಂದೂ ಸಾಮಾನ್ಯವಾಗಿ ಎರಡಡಿ ಉದ್ದದ ತುಂಡಾದುದರಿಂದ ಹಿತ್ತಲ ಕಕ್ಕಸಿನಿಂದ ಬೀದಿಯ ಮ್ಯಾನ್‌ಹೋಲಿನವರೆಗೆ ಅರುವತ್ತು ಅಡಿ ದೂರವಿದ್ದರೆ ಮೂವತ್ತು ಸಂದುಗಳಾಗುತ್ತವೆ. ಪ್ರತಿಯೊಂದು ಸಂದಿಗೂ ಸಿಮೆಂಟ್ ಹಾಲಿನಲ್ಲಿ ಅದ್ದಿದ ಸೆಣಬಿನ ಹುರಿಯನ್ನು ತುರುಕಿ, ಅದರ ಮೇಲೆ ಸಿಮೆಂಟ್ ಗಾರೆಯನ್ನು ಸುತ್ತಲೂ ಒತ್ತಿ, ಒಣಗದಂತೆ ಕೆಲವು ದಿನ ನೀರುಣಿಸಿ, ಆಮೇಲೆ ನೀರು ತುಂಬಿಸಿ ಸೋರಿಕೆಯನ್ನು ಪರೀಕ್ಷಿಸಿ, ಅನಂತರವೇ ಮಣ್ಣು ಮುಚ್ಚಬೇಕೆಂಬುದು ಶಾಸ್ತ್ರ. ಗುಣಿಯೊಳಗೆ ಬಗ್ಗಿ ಕೆಲಸಮಾಡುವ ಗಾರೆಯವನ ಕೈ ಕೊಳವೆಯ ಕೆಳಭಾಗವನ್ನು ತಲುಪುವುದು ಕಷ್ಟವಾದುದರಿಂದ, ಮೇಲಿನ ಅರ್ಧಕ್ಕೆ ದಪ್ಪನಾಗಿ ಮೆತ್ತಿದ ಗಾರೆಯು ಕೆಳಗಿನ ಅರ್ಧಕ್ಕೆ ತೆಳ್ಳಗೆ ಸವರಿದ್ದಾಗಿರುತ್ತದೆ. ಸಂಜೆಯೊಳಗೆ ಗುಣಿ ಮುಚ್ಚಬೇಕೆಂಬ ಅವಸರದಲ್ಲಿ ನೀರಿನ ಪರೀಕ್ಷೆಯೂ ಬಿಟ್ಟುಹೋಗುತ್ತದೆ. ಅಗೆದು ತುಂಬಿದ ಮಣ್ಣು ಎರಡು ಮಳೆಗಾಲದಲ್ಲಿ ಕುಸಿದು ಕೂತಾಗ ಎಲ್ಲೋ ಒಂದು ಪೈಪು ಅರ್ಧ ಅಂಗುಲ ಕೆಳಗಿಳಿಯುತ್ತದೆ, ಬಾಗಲಾರದ ಗಾರೆಯ ಬಳೆ ಬಿರುಕುಬಿಡುತ್ತದೆ. ನಾಲ್ಕಂಗುಲದ ಕೊಳವೆಗೆ ನಲವತ್ತು ಅಡಿಗೆ ಒಂದಡಿಯಂತೆ ಇಳಿಜಾರು ಕೊಡಬೇಕೆಂಬ ಕ್ರಮವೂ ಆ ಜಾಗದಲ್ಲಿ ಕೆಟ್ಟು, ನೀರು ಸರಾಗವಾಗಿ ಓಡದೆ ನಿಂತು ಜಿನುಗತೊಡಗುತ್ತದೆ. ಹೊರಗಿನ ಮರ ಆಗಿನ್ನೂ ಸಸಿಯಾಗಿದ್ದಿರಬಹುದು.

ಹೊಸ ಕೊಳವೆಗಳಿಂದ ಈ ಕಷ್ಟ ತೀರಿತೆಂದು ಭಾವಿಸುವವರುಂಟು. ಪಿ.ವಿ.ಸಿ. ಕೊಳವೆ ಉದ್ದವಾದದ್ದು, ಅಂಟು ಹಾಕಿದ ಅದರ ಸಂದು ಬಿಗಿಯಾದದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಚೇಂಬರಿನ ಇಟ್ಟಿಗೆಗೋಡೆಯನ್ನು ಹೊಕ್ಕುವ ಕಡೆಯಲ್ಲಿ ನಯವಾದ ಪ್ಲಾಸ್ಟಿಕ್ಕಿಗೂ ಸಿಮೆಂಟಿಗೂ ಹಿಡಿತವುಂಟಾಗದೆ ಒಂದು ಕೂದಲೆಳೆಯ ಅಂತರ ಉಳಿದೇ ಉಳಿಯುತ್ತದೆ. ಚೇಂಬರಿಗೆ ಒಳಗಡೆ ಪ್ಲಾಸ್ಟರಿಂಗ್ ಮಾಡಿಸಿ ಹೊರಗಡೆ ಹಾಗೆಯೇ ಬಿಟ್ಟಿದ್ದರೆ ಇಟ್ಟಿಗೆಯ ಸಂದುಗಳೆಲ್ಲವೂ ಬೇರಿಗೆ ಬಾಗಿಲುಗಳೇ. ಹೊಸ ಮನೆಗಳಲ್ಲಿ ಬೇರು ಸಿಕ್ಕುವುದು ಬಹುಶಃ ಕೊಳವೆಯ ನಡುವೆ ಅಲ್ಲ, ಈ ಸೇರುವೆಗಳಲ್ಲಿ. ಸಂಪಿನ ವಿಷಯವೂ ಹಾಗೆಯೇ. ತೆಂಗಿನ ಮರದ ಪಕ್ಕದಲ್ಲಿ ಇಟ್ಟಿಗೆಯ ಸಂಪು ಕಟ್ಟಿಸಿದವರು, ಕೆಲವು ವರ್ಷಗಳ ಮೇಲೆ ಮುಚ್ಚಳ ತೆಗೆದು ನೋಡಿದಾಗ ಒಳಗೋಡೆಯಿಂದ ಇಳಿಬಿದ್ದಿರುವ ಕೆಂಪು ಬೇರುಗಳನ್ನು ಕಂಡು ಗಾಬರಿಯಾಗುವುದುಂಟು. ತೆಂಗು ಹುಲ್ಲಿನ ಬಳಗಕ್ಕೆ ಹತ್ತಿರವಾದ ಏಕದಳ ಸಸ್ಯವಾದುದರಿಂದ ಅದರ ಬೇರು ಬೆರಳುಗಾತ್ರಕ್ಕಿಂತ ಮಿಗಿಲಾಗಿ ಎಂದಿಗೂ ದಪ್ಪವಾಗುವುದಿಲ್ಲ. ಅದು ಗೋಡೆಯನ್ನು ಸೀಳಲಾರದು, ಸೀಳಿದ ಗೋಡೆಯನ್ನು ಹೊಕ್ಕೀತು, ಅಷ್ಟೆ.

ಇನ್ನು ಬುನಾದಿಯ ಮಾತು. ಮನೆಯ ಕೆಳಗೆ ಬೇರು ಹೋದರೆ ಮನೆ ಎದ್ದುಬೀಳುತ್ತದೆಂಬ ಭಯಕ್ಕೆ ನಮ್ಮಲ್ಲಿ ಆಧಾರವುಂಟೆ ಎಂಬ ಪ್ರಶ್ನೆಗೆ ಉತ್ತರವು ಮಣ್ಣನ್ನು ಅವಲಂಬಿಸಿದೆ. ಬೆಂಗಳೂರು, ಕೋಲಾರ, ತುಮಕೂರುಗಳ ಕೆಂಪುಮಣ್ಣು ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ, ಒಣಗಿದರೂ ಹೆಚ್ಚು ಕುಗ್ಗುವುದಿಲ್ಲ. ಇಂಥ ನೆಲದಲ್ಲಿ ಸೈಜುಗಲ್ಲಿನ ಪಾಯದ ಮೇಲೆ ನಿಂತ ಎರಡಂತಸ್ತಿನ ಮನೆಯ ಭಾರವನ್ನು ಎತ್ತುವ ಸಾಮರ್ಥ್ಯ ಬೇರಿಗೆ ಸಾಧಾರಣವಾಗಿ ಇರುವುದಿಲ್ಲ. ಕಲ್ಲು ಅಡ್ಡ ಬಂದರೆ ಅದು ಪಕ್ಕಕ್ಕೆ ತಿರುಗುತ್ತದೆ. ಬೇರು ಎತ್ತುವುದು ಹಗುರವಾದವುಗಳನ್ನು: ಕಾಲುದಾರಿಯ ಚಪ್ಪಡಿ, ಅಂಗಳದ ಸಿಮೆಂಟ್ ಹಾಸು, ಒಂದಡಿ ಪಾಯದ ಕಾಂಪೌಂಡು ಗೋಡೆ. ಇವುಗಳಿಗೆ ಆಗುವ ಹಾನಿ ನಿಜವಾದದ್ದೇ, ಖರ್ಚಿನದೇ. ಆದರೆ ಕಾಂಪೌಂಡು ಬಿರಿದದ್ದನ್ನು ತೋರಿಸಿ ಮನೆಯೇ ಬೀಳುವುದೆಂದು ಅರ್ಜಿಯಲ್ಲಿ ಬರೆಯುವುದು ಸತ್ಯವಲ್ಲ. ಕೆಂಪುಮಣ್ಣಿನ ನೆಲದಲ್ಲಿ ಬುನಾದಿ ಕುಸಿದಿದ್ದರೆ ಮೊದಲು ಸಂದೇಹಪಡಬೇಕಾದದ್ದು ಅದೇ ಸೋರುವ ಕೊಳವೆಯನ್ನು. ವರ್ಷಗಟ್ಟಲೆ ಜಿನುಗಿದ ನೀರು ಪಾಯದ ಅಡಿಯ ಸಣ್ಣ ಮಣ್ಣನ್ನು ತೊಳೆದು ಒಯ್ಯುತ್ತದೆ.

ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರುಗಳ ಎರೆಭೂಮಿಯ ವಿಷಯ ಬೇರೆ. ಅಲ್ಲಿಯ ಕಪ್ಪುಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುವುದನ್ನು ಆ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಗೆ ತೀರ ಸಮೀಪದಲ್ಲಿ ದೊಡ್ಡ ಮರವಿದ್ದರೆ ಅದು ಬೇಸಗೆಯಲ್ಲಿ ಒಂದು ಮೂಲೆಯ ಮಣ್ಣಿನಿಂದ ಹೆಚ್ಚು ನೀರೆಳೆದು, ಆ ಮೂಲೆಯನ್ನು ಉಳಿದ ಮೂಲೆಗಳಿಗಿಂತ ಹೆಚ್ಚಾಗಿ ಕುಗ್ಗಿಸುತ್ತದೆ. ಗೋಡೆ ಓರೆಯಾಗಿ ಬಿರಿಯುತ್ತದೆ. ಇದೇ ಬಗೆಯ ಜೇಡಿನೆಲದ ಮೇಲೆ ಹರಡಿರುವ ಲಂಡನ್ನಿನಲ್ಲಿಯೂ ಆಗ್ನೇಯ ಇಂಗ್ಲೆಂಡಿನಲ್ಲಿಯೂ 1976ರ ಕಡುಬರದ ಬೇಸಗೆಯಲ್ಲಿ ಅಸಂಖ್ಯ ಮನೆಗಳ ಗೋಡೆಗಳು ಬಿರಿದು, ವಿಮಾ ಸಂಸ್ಥೆಗಳ ಮುಂದೆ ಪರಿಹಾರದ ಕೋರಿಕೆಗಳು ರಾಶಿಬಿದ್ದುವು. ಮರಕ್ಕೂ ಮನೆಗೂ ಮಣ್ಣಿಗೂ ಇರುವ ಸಂಬಂಧವನ್ನು ಆ ದೇಶದವರು ಗಂಭೀರವಾಗಿ ಅಭ್ಯಾಸಮಾಡಿದ್ದು ಆ ಬಳಿಕ. ಅವರು ಕಲಿತ ಪಾಠಗಳಲ್ಲಿ ನಮ್ಮ ಎರೆಸೀಮೆಯವರು ಅವಶ್ಯವಾಗಿ ತಿಳಿಯಬೇಕಾದ ಒಂದುಂಟು. ಬಹುಕಾಲದಿಂದ ನೀರೆಳೆಯುತ್ತಿದ್ದ ಹಳೆಯ ಮರವನ್ನು ಒಮ್ಮೆಗೇ ಕಡಿದುಹಾಕಿದರೆ, ಇಷ್ಟು ವರ್ಷ ಒಣಗಿದ್ದ ಜೇಡಿಮಣ್ಣು ಮೆಲ್ಲಮೆಲ್ಲನೆ ನೀರು ಕುಡಿದು ಉಬ್ಬಿ, ಕುಸಿಯುವುದಕ್ಕಿಂತ ಕೆಟ್ಟದಾಗಿ ಪಾಯವನ್ನು ಮೇಲೆತ್ತುತ್ತದೆ. ಮರಕ್ಕಿಂತ ಮನೆ ಈಚಿನದಾಗಿದ್ದರಂತೂ ಈ ಅಪಾಯ ಇನ್ನೂ ಹೆಚ್ಚು. ಬಿರುಕು ಬಿಟ್ಟಿತೆಂದು ಮರ ಕಡಿದವನು ಬಿರುಕನ್ನು ದೊಡ್ಡದು ಮಾಡಿಕೊಳ್ಳುತ್ತಾನೆ. ಬಿರುಕಿನ ಮೇಲೆ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ, ಅದು ಯಾವ ಋತುವಿನಲ್ಲಿ ಒಡೆಯುವುದೆಂದು ಒಂದು ವರ್ಷ ಕಾದು ನೋಡುತ್ತಿದ್ದ ಹಳೆಯ ಇಂಜಿನಿಯರುಗಳ ಪದ್ಧತಿಯಲ್ಲಿ ಬಹಳ ವಿವೇಕವಿತ್ತು. ಬೇಸಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕಾದರೆ ಅದು ಮಣ್ಣಿನ ಲಕ್ಷಣ, ಋತುಭೇದವಿಲ್ಲದೆ ಒಂದೇ ಸಮನೆ ಬೆಳೆಯುವ ಬಿರುಕಾದರೆ ಕಾರಣವನ್ನು ಬೇರೆಡೆ ಅರಸಬೇಕು.

ಭಯವು ಪ್ರಮಾಣವನ್ನು ಮೀರಿದಾಗ ಏನಾಗುತ್ತದೆಂಬುದಕ್ಕೂ ಬ್ರಿಟನ್ನೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದಲ್ಲಿ ಜಪಾನಿನಿಂದ ಅಲಂಕಾರಕ್ಕೆಂದು ತಂದ ನಾಟ್‌ವೀಡ್ ಎಂಬ ಗಿಡ ಅಲ್ಲಿ ಕಳೆಯಾಗಿ ಹಬ್ಬಿ, ಅದು ಮನೆಯ ಪಾಯವನ್ನೇ ಭೇದಿಸುತ್ತದೆಂಬ ವದಂತಿ ಹುಟ್ಟಿ, ನಿವೇಶನದಲ್ಲಿ ಅದರ ಒಂದು ದಂಟು ಕಂಡರೂ ಸಾಲ ಕೊಡಲೊಲ್ಲೆವೆಂದು ಬ್ಯಾಂಕುಗಳು ಹಿಂಜರಿಯುವಂತಾಯಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಕಟ್ಟಡಗಳಿಗೆ ಆ ಗಿಡದಿಂದಾಗುವ ಹಾನಿ ಸಾಮಾನ್ಯ ಮರಗಳಿಂದ ಆಗುವುದಕ್ಕಿಂತ ಹೆಚ್ಚಿನದಲ್ಲವೆಂದು ಕಂಡುಕೊಂಡಿತು; ಮೊದಲೇ ಇದ್ದ ಬಿರುಕುಗಳನ್ನು ಅದು ಹೊಕ್ಕು ಅಗಲಿಸುವುದೇ ಹೊರತು ಗಟ್ಟಿಯಾದ ಕಾಂಕ್ರೀಟನ್ನು ತೂತುಮಾಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಶತ್ರುವೆಂದು ಕರೆಯಬಹುದಾದ ಒಂದು ಬೇರು ನಮ್ಮಲ್ಲಿ ಉಂಟು, ಮತ್ತು ಅದೇ ನಾವು ಅತ್ಯಂತ ಪೂಜ್ಯವೆಂದು ಭಾವಿಸುವ ಮರದ ಬೇರು. ಅರಳಿಯ, ಆಲದ, ಅತ್ತಿ ಗೋಣಿಗಳ ಹಣ್ಣನ್ನು ತಿಂದ ಕಾಗೆ, ಮೈನಾ, ಕುಟ್ರುಹಕ್ಕಿಗಳು ಮಾಳಿಗೆಯ ಮೂಲೆಯಲ್ಲಿಯೋ ಸಜ್ಜೆಯ ಮೇಲೆಯೋ ಮಳೆನೀರಿನ ಕೊಳವೆಯ ಹಿಂದೆಯೋ ಹಿಕ್ಕೆ ಹಾಕುತ್ತವೆ. ಸಾಸಿವೆಗಿಂತ ಸಣ್ಣದಾದ ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತದೆ. ಈ ಜಾತಿಯ ಮರಗಳು ಮಣ್ಣೇ ಇಲ್ಲದ ಬಂಡೆಯ ಸೀಳಿನಲ್ಲಿ, ಅನ್ಯವೃಕ್ಷಗಳ ಕವಲಿನಲ್ಲಿ ಬದುಕಲು ಸಮರ್ಥವಾದವು; ಅವುಗಳಿಗೆ ನಮ್ಮ ಗೋಡೆ ಮತ್ತೊಂದು ಬಂಡೆ ಮಾತ್ರ. ಸುಣ್ಣದ ಗಾರೆಯಲ್ಲಿ, ಕೆಸರುಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳು ಅವುಗಳಿಗೆ ಅತ್ಯಂತ ಪ್ರಿಯ. ಮೊದಲ ವರ್ಷ ನಾಲ್ಕೆಲೆ, ಎರಡನೆಯ ವರ್ಷ ಮೊಳದುದ್ದದ ಗಿಡ. ಐದಾರು ವರ್ಷಗಳಲ್ಲಿ ಬೇರು ಗೋಡೆಯ ಒಡಲೊಳಗೇ ಇಳಿದು, ನೆಲವನ್ನು ಮುಟ್ಟಿ, ಅಲ್ಲಿಂದ ಬಲ ಪಡೆದು ದಪ್ಪವಾಗುತ್ತ ಕಲ್ಲು ಕಲ್ಲನ್ನೂ ಬೇರ್ಪಡಿಸುತ್ತದೆ. ಇಲ್ಲಿ ಗಟ್ಟಿ ಕಟ್ಟಡವೂ ಉಳಿಯುವುದಿಲ್ಲ. ಏಳನೆಯ ಜಯವರ್ಮನು ಹನ್ನೆರಡನೆಯ ಶತಮಾನದಲ್ಲಿ ಕಾಂಬೋಡಿಯದಲ್ಲಿ ಕಟ್ಟಿಸಿದ ತಾ ಪ್ರೋಮ್ ದೇವಾಲಯದ ಮೇಲೆ ಇಂಥ ಬೇರುಗಳು ಹಬ್ಬಿರುವ ಚಿತ್ರಗಳನ್ನು ಓದುಗರು ನೋಡಿರಬಹುದು. ಅದರ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರೇ ಬಹುವರ್ಷ ಶ್ರಮಿಸಿದ್ದಾರೆ. ಬೇರನ್ನು ತೆಗೆದರೆ ಕಲ್ಲು ಬೀಳುತ್ತದೆ, ಬಿಟ್ಟರೆ ಸೀಳುತ್ತದೆ ಎಂಬ ಇಕ್ಕಟ್ಟು ಅಲ್ಲಿಯದು. ನಮ್ಮ ಊರುಗಳ ಹಳೆಯ ಗುಡಿ, ಕೋಟೆ, ಬಾವಿಗಳ ಮೇಲೂ ಅದೇ ಇಕ್ಕಟ್ಟು ಪ್ರತಿ ಮಳೆಗಾಲದಲ್ಲಿ ಬೆಳೆಯುತ್ತಿದೆ.

ಅಶ್ವತ್ಥವನ್ನು ಕೀಳಲು ಕೈ ಬಾರದೆಂಬ ಹಿರಿಯರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾಲ್ಕೆಲೆಯ ಸಸಿಯನ್ನು ಬೇರುಸಹಿತ ಬಿಡಿಸಿ ಕುಂಡಕ್ಕೆ ವರ್ಗಾಯಿಸಿ, ಕೆರೆಯ ಏರಿಯ ಮೇಲೋ ಗುಡಿಯ ಬಯಲಿನಲ್ಲೋ ಅದಕ್ಕೊಂದು ಕಟ್ಟೆ ಕಟ್ಟಿಸುವುದು ಆ ಭಾವನೆಗೆ ವಿರೋಧವಲ್ಲ, ಅದರ ಪೂರ್ಣ ರೂಪ. ಇಂದು ಕೀಳಲಾರೆನೆಂದು ಬಿಟ್ಟವನು ಹತ್ತು ವರ್ಷದ ಮೇಲೆ ಬುಡಕ್ಕೆ ಕೊಡಲಿ ಹಾಕಿಸಬೇಕಾಗುತ್ತದೆ. ಆಗಲೂ ಗೋಡೆಯೊಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ, ಏಕೆಂದರೆ ಮೇಲಿನದನ್ನು ಕತ್ತರಿಸುವುದರಿಂದ ಸಾಯುವ ಜಾತಿ ಅದಲ್ಲ. ಮಳೆಗಾಲ ಮುಗಿದ ಕೂಡಲೆ, ಗಾರೆ ಇನ್ನೂ ಮೆತ್ತಗಿರುವಾಗ, ಮಾಳಿಗೆಯನ್ನೊಮ್ಮೆ ಸುತ್ತಿ ಬರುವುದು ಪ್ರತಿಯೊಬ್ಬ ಗೃಹಸ್ಥನ ವಾರ್ಷಿಕ ಕರ್ತವ್ಯವಾಗಬೇಕು. ಸಸಿಯನ್ನು ತೆಗೆದ ಬಿರುಕನ್ನು ಅದೇ ದಿನ ಗಾರೆಯಿಂದ ತುಂಬಬೇಕು.

ಈಗ ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕುವ ಸಂಗತಿಯೊಂದಿದೆ. ಕೊಳವೆ ಕಟ್ಟಿದಾಗ ಜನ ಮೊದಲು ಸುರಿಯುವುದು ಆಸಿಡ್ಡನ್ನು. ಅದು ನಿಂತ ನೀರಿನಲ್ಲಿ ತೆಳುವಾಗಿ ಬೇರನ್ನು ಮುಟ್ಟುವ ಹೊತ್ತಿಗೆ ನಿಸ್ಸತ್ತ್ವವಾಗಿರುತ್ತದೆ. ಹಾಳಾಗುವುದು ಸಂದಿನ ಸಿಮೆಂಟು. ಕೆಲವರು ಮೈಲುತುತ್ತವನ್ನು ಹಾಕುತ್ತಾರೆ. ಅಡಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರಸಿ ಸಿಂಪಡಿಸುವ ಆ ತಾಮ್ರದ ಲವಣ ಎಳೆಬೇರನ್ನು ಸುಡುತ್ತದೆಂಬುದು ನಿಜವೇ. ಆದರೆ ಸಂದು ಮುಚ್ಚುವವರೆಗೆ ಬೇರು ಮರುವರ್ಷ ಮತ್ತೆ ಬರುತ್ತದೆ, ಹಾಕಿದ ತಾಮ್ರವಾದರೋ ಕೊಳಚೆಯೊಡನೆ ಹೋಗಿ, ನೀರನ್ನು ಶುದ್ಧಗೊಳಿಸುವ ಸ್ಥಾವರಗಳಲ್ಲಿರುವ ಸೂಕ್ಷ್ಮಜೀವಿಗಳಿಗೂ ಕೆರೆಯ ಮೀನಿಗೂ ವಿಷವಾಗುತ್ತದೆ. ಇವೆರಡೂ ಸೋತಾಗ, ಮತ್ತು ಬೇರು ಬೀದಿಯ ದೊಡ್ಡ ಕೊಳವೆಯಲ್ಲಿಯೇ ಗೂಡುಕಟ್ಟಿ ಜಿಡ್ಡು ಬಟ್ಟೆ ಪ್ಲಾಸ್ಟಿಕ್ಕುಗಳನ್ನು ಹಿಡಿದು ನಿಲ್ಲಿಸಿದಾಗ, ಮ್ಯಾನ್‌ಹೋಲಿನೊಳಗೆ ಮನುಷ್ಯನನ್ನು ಇಳಿಸುತ್ತಾರೆ. ಇಂಥ ಕೆಲಸವನ್ನು 2013ರ ಕಾನೂನು ನಿಷೇಧಿಸಿದೆ. ಕೊಳಚೆಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆಜ್ಞಾಪಿಸಿದ್ದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೇರಿಸಿತು. ಆದರೂ ಉಸಿರುಕಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಗಾರೆಯನ್ನು ನೆಟ್ಟಗೆ ಮೆತ್ತದ ಒಂದು ಸಂದಿನ ಬೆಲೆಯನ್ನು ಕೊನೆಗೆ ತೆರುವವನು, ಆ ಮನೆಯೊಳಗೆ ಎಂದೂ ಕಾಲಿಡದ, ಆ ಮರದ ನೆರಳಿನಲ್ಲಿ ಎಂದೂ ಕೂರದ ಒಬ್ಬ ಬಡವ. ನೀರನ್ನು ರಭಸದಿಂದ ಚಿಮ್ಮಿಸಿ ಕೊಳವೆಯನ್ನು ತೊಳೆಯುವ ಜೆಟ್ಟಿಂಗ್ ಯಂತ್ರಗಳಿರುವ ಕಾಲದಲ್ಲಿ, ಅವಸರಕ್ಕೆ ಯಂತ್ರ ಸಿಕ್ಕಲಿಲ್ಲವೆಂದು ಮನುಷ್ಯನನ್ನು ಇಳಿಸುವ ಮನೆಯವರನ್ನೂ ಗುತ್ತಿಗೆದಾರರನ್ನೂ ನಾನು ಯಾವ ಕಾರಣಕ್ಕೂ ಕ್ಷಮಿಸಲಾರೆ.

ಮಾಡಬೇಕಾದ ಕ್ರಮ ಕಠಿನವಾದದ್ದೇನಲ್ಲ. ಮೊದಲು ಕೊಳವೆಯೊಳಕ್ಕೆ ಕ್ಯಾಮರಾ ಬಿಟ್ಟು ಬೇರು ಯಾವ ಸಂದಿನಲ್ಲಿ ಒಳಬಂದಿದೆಯೆಂಬುದನ್ನು ನೋಡಿಸಬೇಕು. ಈ ಸೌಕರ್ಯ ಈಗ ನಮ್ಮ ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಒಂದೆರಡು ಸಂದುಗಳ ದೋಷವಾದರೆ ಅಷ್ಟನ್ನೇ ಅಗೆದು ಬದಲಿಸಬಹುದು. ಇಡೀ ಸಾಲು ಹಳೆಯದಾಗಿದ್ದರೆ ರಬ್ಬರು ಬಳೆಯ ಸಂದಿರುವ ಹೊಸ ಕೊಳವೆಯನ್ನು ಹಾಕಿಸುವುದೇ ಕ್ಷೇಮ, ಅದನ್ನು ಸಾಧ್ಯವಾದಷ್ಟು ಮರದಿಂದ ದೂರದ ಹಾದಿಯಲ್ಲಿ ಒಯ್ಯುವುದು ಇನ್ನೂ ಕ್ಷೇಮ. ನೆಲವನ್ನು ಅಗೆಯದೆಯೇ ಹಳೆಯ ಕೊಳವೆಯೊಳಗೆ ರಾಳದಲ್ಲಿ ತೊಯ್ಸಿದ ಚೀಲವನ್ನು ಹೊಗಿಸಿ ಗಟ್ಟಿಗೊಳಿಸಿ ಸಂದಿಲ್ಲದ ಹೊಸ ಕೊಳವೆಯನ್ನು ಹುಟ್ಟಿಸುವ ವಿದ್ಯೆ 1971ರಲ್ಲಿಯೇ ಲಂಡನ್ನಿನಲ್ಲಿ ಪ್ರಯೋಗಕ್ಕೆ ಬಂತು. ಮರಗಳ ಸಾಲಿನ ಅಡಿಯಲ್ಲಿ ಹಾದುಹೋಗುವ ಬೀದಿಯ ಕೊಳವೆಗಳಿಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬೇರನ್ನು ಕತ್ತರಿಸಲೇಬೇಕಾದರೆ ಕಾಂಡದ ವ್ಯಾಸದ ಐದರಷ್ಟು ದೂರವನ್ನಾದರೂ ಬಿಟ್ಟು, ಒಂದೇ ಪಾರ್ಶ್ವದಲ್ಲಿ, ಗರಗಸದಿಂದ ನಯವಾಗಿ ಕತ್ತರಿಸಬೇಕು, ಜೆ.ಸಿ.ಬಿ.ಯಿಂದ ಸೀಳಿಸಿದ ಬೇರು ಕೊಳೆತು ಮರ ಮುಂದೆ ಗಾಳಿಗೆ ಬೀಳಬಹುದು. ಕತ್ತರಿಸಿದ ಗುಣಿಯಲ್ಲಿ ಮೂರಡಿ ಆಳಕ್ಕೆ ಚಪ್ಪಡಿಕಲ್ಲನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ನಿಲ್ಲಿಸಿದರೆ ಹೊಸ ಬೇರು ಬಹುಕಾಲ ಆ ಕಡೆಗೆ ಬಾರದು.

ಹೊಸದಾಗಿ ನೆಡುವವರಿಗೆ ಒಂದು ಮಾತು. ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿ, ಉಳಿದ ಮೂರಡಿಯಲ್ಲಿ ಮಾವು ಹಲಸು ನೆಡುವುದು ಮರಕ್ಕೂ ಮನೆಗೂ ಅನ್ಯಾಯ. ಅಲ್ಲಿ ಪಾರಿಜಾತ, ದಾಳಿಂಬೆ, ಕರಿಬೇವು, ದಾಸವಾಳಗಳು ಸಾಕು. ದೊಡ್ಡ ಮರಕ್ಕೆ ಪಾಯದಿಂದ ಇಪ್ಪತ್ತಡಿಯಾದರೂ ದೂರವಿರಲಿ, ಎರೆನೆಲದಲ್ಲಿ ಇನ್ನೂ ಹೆಚ್ಚಿರಲಿ.

ಬೆಂಗಳೂರಿನ ಬೀದಿಮರಗಳು ತಾವಾಗಿ ಹುಟ್ಟಿದವಲ್ಲ. ಲಾಲ್‌ಬಾಗಿನ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಮೊದಲ್ಗೊಂಡು, 1980ರ ದಶಕದಲ್ಲಿ ಸುಮಾರು ಹದಿನೈದು ಲಕ್ಷ ಸಸಿಗಳನ್ನು ಈ ಊರಿನಲ್ಲಿ ನೆಡಿಸಿದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರವರೆಗೆ, ಹಲವರ ಜೀವಮಾನದ ದುಡಿಮೆ ಅವುಗಳ ಹಿಂದೆ ಇದೆ. ನೆಟ್ಟ ಮೇಲೆ ನಾವು ಅವುಗಳಿಗೆ ಮಾಡಿದ್ದೇನು? ಚರಂಡಿಗೆಂದು ಒಂದು ಇಲಾಖೆ, ಕೇಬಲ್ಲಿಗೆಂದು ಇನ್ನೊಂದು, ವೈಟ್ ಟಾಪಿಂಗಿಗೆಂದು ಮತ್ತೊಂದು ಬಂದು ಬೇರನ್ನು ಕಡಿದು, ಬುಡದವರೆಗೂ ಕಾಂಕ್ರೀಟು ಸುರಿದುವು. ಮಳೆಯ ನೀರು ಇಳಿಯಲು ಅಂಗೈಯಗಲದ ಮಣ್ಣನ್ನೂ ಬಿಡದಿದ್ದ ಮೇಲೆ, ಬೀದಿಯಡಿಯಲ್ಲಿ ನೀರು ದೊರೆಯುವ ಏಕಮಾತ್ರ ಸ್ಥಳವೆಂದರೆ ನಮ್ಮ ಸೋರುವ ಕೊಳವೆಗಳೇ ಆಗಿ, ಬೇರು ಅಲ್ಲಿಗೆ ಹೋಯಿತು. ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ಆಜ್ಞೆಮಾಡಿತು. ಆ ಒಂದು ಮೀಟರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಬರಬೇಕು.

ಕಾನೂನಿಗೆ ಸಂಬಂಧಿಸಿದ ನನ್ನ ಬೇಡಿಕೆ ಅದಕ್ಕಿಂತ ಸಣ್ಣದು, ನಾಳೆಯೇ ಆಚರಣೆಗೆ ತರಬಹುದಾದದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಳವೆಗೆ ಅಥವಾ ಬುನಾದಿಗೆ ಹಾನಿಯೆಂಬ ಕಾರಣವನ್ನು ಕೊಟ್ಟು ಬರುವ ಪ್ರತಿಯೊಂದು ಅರ್ಜಿಯ ಜೊತೆಯಲ್ಲಿಯೂ ಕೊಳವೆಯೊಳಗಿನ ಕ್ಯಾಮರಾ ಚಿತ್ರವನ್ನೂ, ಸಂದುಗಳನ್ನು ದುರಸ್ತಿ ಮಾಡಿಸಿದ್ದಕ್ಕೆ ಪ್ರಮಾಣಪತ್ರವನ್ನೂ, ಬುನಾದಿಯ ಮಾತಾದರೆ ಮಣ್ಣನ್ನು ಪರೀಕ್ಷಿಸಿದ ಇಂಜಿನಿಯರರ ವರದಿಯನ್ನೂ ಕೇಳತಕ್ಕದ್ದು. ದುರಸ್ತಿಯಾದ ಒಂದು ವರ್ಷದ ಮೇಲೂ ಬೇರು ಮತ್ತೆ ಒಳಹೊಕ್ಕಿದ್ದರೆ ಆಗ ಅನುಮತಿಯ ವಿಚಾರ ಮಾಡಬಹುದು. ಬಾಡಿಗೆಯ ಮನೆಯ ಬಡವರಿಗೂ ಸಣ್ಣ ಪಿಂಚಣಿದಾರರಿಗೂ ಈ ತಪಾಸಣೆಯ ಖರ್ಚು ಭಾರವಾಗುತ್ತದೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಮರವು ಬೀದಿಯದಾದಲ್ಲಿ ಆ ಖರ್ಚನ್ನು ನಗರಪಾಲಿಕೆಯೂ, ಬೇರು ಸಿಕ್ಕಿದ್ದು ಬೀದಿಯ ಕೊಳವೆಯಲ್ಲಾದರೆ ಒಳಚರಂಡಿ ಮಂಡಳಿಯೂ ಹೊರತಕ್ಕದ್ದು. ಹಳೆಯ ಬಡಾವಣೆಯೊಂದರ ನಾಲ್ಕು ಬೀದಿಗಳಲ್ಲಿ ಇದನ್ನು ಮೊದಲು ನಡೆಸಿ, ಎಷ್ಟು ಅರ್ಜಿಗಳು ದುರಸ್ತಿಯ ಅನಂತರವೂ ಉಳಿದುವೆಂಬ ಲೆಕ್ಕವನ್ನು ಪಾಲಿಕೆಯು ಸಾರ್ವಜನಿಕರ ಮುಂದಿಡಲಿ.